ಪಟ್ಟಿಯಲ್ಲಿಲ್ಲದ ಹೂವು

ಗದುಗಿನ ಶಿವಗಂಗವ್ವನ ಹಿತ್ತಲಲ್ಲಿ ತುಂಬೆ ಹೂ ಬಿಟ್ಟ ಮೊದಲ ಬೆಳಿಗ್ಗೆಯೇ ಪರಾಗ ಇಲಾಖೆಯ ಇನ್‌ಸ್ಪೆಕ್ಟರ್ ಬಂದ.

"ಈ ಹೂವು ಇಲಾಖೆ ಪಟ್ಟಿಯೊಳಗಿಲ್ಲರಿ. ಪರಾಗ ಹಾಕೋ ನಮ್ಮ ಯಂತ್ರದ ಜೇನು ಇದನ್ನ ಕಂಡ್ರ ದಾರಿ ತಪ್ತಾವು. ಕೀಳಬೇಕಾಗತೈತಿ," ಎಂದ.

"ಮೂರು ವರ್ಷ ಬೀಜ ಬಿತ್ತೀನಿ, ಈ ವರ್ಷ ಮೊಳಕಿ ಒಡದಾವು. ನಾ ಕೀಳಾಕ ಬಿಡಂಗಿಲ್ಲ. ನಿಮ್ಮ ಜೇನಿಗೇ ದಾರಿ ಕಲಿಸ್ರಿ!" ಎಂದು ಅವಳು ರೇಗಿದಳು.

ಅವನು ಬಗ್ಗಿ, ಮಡಿಯಲ್ಲಿದ್ದ ಬಿಳಿ ಹೂಗಳನ್ನೆಲ್ಲ ಬೇರುಸಹಿತ ಕಿತ್ತು ಚೀಲಕ್ಕೆ ತುರುಕಿದ. ಅವಳು ಅವನ ಕೊರಳಪಟ್ಟಿ ಹಿಡಿದು ಎಳೆಯಬೇಕೆನ್ನುವಷ್ಟರಲ್ಲಿ, ಗೋಡೆಯ ಪಕ್ಕ ತಾನಾಗಿ ಬೆಳೆದು ಒಣಗಿದ್ದ ಉತ್ತರಾಣಿಯ ಪೊದೆ ಕಣ್ಣಿಗೆ ಬಿತ್ತು.

"ಅದೂ ಪಟ್ಟಿಯೊಳಗಿಲ್ಲಲ್ಲ? ಅದನ್ಯಾಕ ಬಿಡ್ತೀರಿ? ಒಳಗ ಹೊಕ್ಕು ಕೀಳ್ರಿ," ಎಂದಳು ಹಲ್ಲು ಕಚ್ಚಿ.

ಅವನು ಅದನ್ನೂ ಕಿತ್ತು ಹೊರಬಂದಾಗ ಪಾದದಿಂದ ಮೊಣಕಾಲಿನವರೆಗೆ ಪ್ಯಾಂಟಿನ ತುಂಬ ಮುಳ್ಳುಬೀಜಗಳು ಅಂಟಿಕೊಂಡಿದ್ದವು. ಹೆಜ್ಜೆಯಿಟ್ಟಲ್ಲೆಲ್ಲ ಒಂದೆರಡು ನೆಲಕ್ಕೆ ಉದುರುತ್ತಿದ್ದವು; ಅವನು ಅದನ್ನು ಗಮನಿಸಲೇ ಇಲ್ಲ.

"ಇನ್ನ ಎಷ್ಟು ಮನಿ ಅದಾವರಿ?" ಎಂದು ಅವಳು ಕೇಳಿದಳು.

"ಇಡೀ ಊರೇ ಐತ್ರಿ."

ಶಿವಗಂಗವ್ವ ತಾನೇ ಮುಂದೆ ಹೋಗಿ ಗೇಟು ತೆರೆದಳು. "ಒಂದ ಹಿತ್ತಲಾನೂ ಬಿಡಬ್ಯಾಡ್ರಿ. ಮೂಲಿಮೂಲಿ ಅಡ್ಡಾಡಿ ನೋಡ್ರಿ."