ಬಾಗಿಲು ತೆರೆದ ಮುಖ

ಆ ಮುಖದಲ್ಲಿ ಇದ್ದದ್ದು ಪ್ರೀತಿಯೋ, ಕಳ್ಳ ಮನಸ್ಸೋ? ಈ ಪ್ರಶ್ನೆ ಮೇಷ್ಟ್ರ ತಲೆ ತಿನ್ನುತ್ತಿತ್ತು. ಹೆಂಡತಿ ಫೋನಿನಲ್ಲಿ ಯಾರ ಜೊತೆಗೋ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕೇಳಿದರೆ ತಂಗಿ ಅನ್ನುತ್ತಾಳೆ. ಇವರ ನೆರಳು ಕಂಡರೆ ಸಾಕು, ಅವಳ ಮುಖ ಒರೆಸಿಟ್ಟ ತಟ್ಟೆ.

ಮುಖ ನೋಡಿ ಭಾವನೆ ಓದುವುದನ್ನು ಕಾಲೇಜಿನಲ್ಲಿ ಕಲಿಸುವವರು ಮೇಷ್ಟ್ರು. ಆ ವಿದ್ಯೆಯನ್ನು ಕಾಲೇಜಿನಲ್ಲೇ ಬಿಟ್ಟು ಬರುವಷ್ಟು ಜಿಪುಣರಲ್ಲ. ಊಟದ ಹೊತ್ತಿನಲ್ಲೂ ಹೆಂಡತಿಗೆ ಪುಕ್ಕಟೆ ಪಾಠ. "ಈಗ ನಕ್ಕೆಯಲ್ಲ, ಅದು ಬರೀ ತುಟಿ. ಕಣ್ಣು ನಗಲಿಲ್ಲ. ಯಾಕೆ?" ಅವಳು ಉತ್ತರಕ್ಕೆ ತಡಕಾಡಿದರೆ ಆ ತಡಕಾಟಕ್ಕೂ ಒಂದು ಹೆಸರಿಟ್ಟು ಅನ್ನ ಕಲಸುತ್ತಿದ್ದರು.

ಕಳ್ಳರಿಗಾಗಿ ಎಂದು ಹೇಳಿ ಬಾಗಿಲೆದುರಿನ ಗೋಡೆಗೆ ಕ್ಯಾಮೆರಾ ಹಾಕಿಸಿದ್ದರು. ಅದರಲ್ಲಿ ಸಿಕ್ಕಿದ್ದು ಈ ಚಿತ್ರ. ಬಾಗಿಲು ತೆರೆದಿದ್ದಾಳೆ, ಬಂದವನತ್ತ ಕೈ ಚಾಚಿದ್ದಾಳೆ. ಬಂದವನ ಬೆನ್ನನ್ನು ಮೇಷ್ಟ್ರು ಕತ್ತರಿಸಿ ತೆಗೆದಿದ್ದರು.

ಇವತ್ತು ತರಗತಿಯ ಚಿತ್ರಗಳ ನಡುವೆ ಅದನ್ನೂ ತೂರಿಸಿದರು. ಕಳ್ಳ ಮನಸ್ಸು ಎಂದು ಹುಡುಗರು ಹೇಳಿಬಿಟ್ಟರೆ ಸಂಜೆಯೇ ಅವಳನ್ನು ತವರಿಗೆ ಅಟ್ಟುವುದು. ತಾವು ಅನುಮಾನದ ಗಂಡ ಅನ್ನಿಸಿಕೊಳ್ಳಬಾರದು ನೋಡಿ. ವಿಜ್ಞಾನವೇ ಹೇಳಬೇಕು.

"ಬಾಗಿಲಿಗೆ ಒಬ್ಬ ಬಂದಿದ್ದಾನೆ. ಏನಿದೆ ಈ ಮುಖದಲ್ಲಿ?"

"ಭಯ ಸರ್," ಎಂದಳು ಮುಂದಿನ ಬೆಂಚಿನವಳು. ಇಡೀ ತರಗತಿ ತಲೆಯಾಡಿಸಿತು.

ಮೇಷ್ಟ್ರು ಚುರುಕಾದರು. "ಸಿಕ್ಕಿಬೀಳೋ ಭಯ. ಅಲ್ವಾ?"

"ಅಲ್ಲ ಸರ್. ಸಿಕ್ಕಿಬೀಳೋರು ಕಣ್ಣು ತಪ್ಪಿಸ್ತಾರೆ, ನೀವೇ ಹೇಳಿಕೊಟ್ಟಿದ್ದು. ಇವರು ಬಂದೋನ ಮುಖಾನೇ ನೋಡ್ತಿದ್ದಾರೆ. ಇವತ್ತು ಹೇಗಿದ್ದಾನೋ ಅಂತ."

"ಮತ್ತೆ ಆ ಕೈ? ಪ್ರೀತಿ ಇಲ್ದೆ ಚಾಚ್ತಾರಾ?"

"ಬ್ಯಾಗ್ ಇಸ್ಕೊಳ್ಳೋಕೆ ಸರ್," ಹಿಂದಿನ ಬೆಂಚಿನವನೊಬ್ಬ ನಕ್ಕ. "ನಮ್ಮಮ್ಮನೂ ಹಿಂಗೇ. ದಿನಾ ಸಂಜೆ ಬರೋನೇ ಇರಬೇಕು."

"ಪಾಪ," ಎಂದಳು ಹುಡುಗಿ. "ಯಾರು ಸರ್ ಆ ಮನುಷ್ಯ?"

ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟರು. ತರಗತಿಗೆ ಬೆನ್ನು ಹಾಕಿ ಬೋರ್ಡ್ ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಆ ಚಿತ್ರ ಸಿಕ್ಕ ಸಂಜೆ ಬೆಲ್ ಒತ್ತಿದ್ದು ತಾವೇ ಎಂದು ಅವರು ಯಾರಿಗೂ ಹೇಳಲಿಲ್ಲ.