ಕಣ್ಣು ಮುಚ್ಚಿ ತೋರಿಸಿದ ದಾರಿ

ಮಕ್ಕಳು ನಡೆದೋ ಸೈಕಲ್ ತುಳಿದೋ ಕ್ಷೇಮವಾಗಿ ಶಾಲೆ ಸೇರಲೆಂದು ಸರ್ಕಾರವೇ ದಾರಿ ಮಾಡಿಸಿಕೊಡುತ್ತದಂತೆ ಎಂಬ ಸುದ್ದಿ ಪುಟ್ಟಮಾದಯ್ಯನ ಕಿವಿಗೆ ಬಿತ್ತು. ಅವನ ಮೊಮ್ಮಗಳು ದಿನವೂ ಶಾಲೆಗೆಂದು ಮರಳು ಲಾರಿಗಳ ನಡುವೆ ಸೈಕಲ್ ಹೊಡೆಯುತ್ತಿದ್ದಳು. ಅವಳು ಮನೆಗೆ ಬರುವ ತನಕ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಮಕ್ಳು ಓಡಾಡೋ ಹಳೇ ದಾರಿ ಇದ್ರೆ ಮಾತ್ರ ದುಡ್ಡು ಬರೋದು, ಯಜಮಾನ್ರೇ," ಅಂದರು ಜಾಗ ನೋಡಲು ಬಂದ ಎಂಜಿನಿಯರಮ್ಮ.

"ಐತೆ ಕಣವ್ವಾ. ಏಳು ವರ್ಸ ಒಂದಿನಾನೂ ತಪ್ಪಿಸ್ದೆ ಆ ದಾರೀಲೇ ಇಸ್ಕೂಲಿಗೆ ಹೋಗಿವ್ನಿ. ಕಣ್ ಮುಚ್ಕೊಂಡೇ ತೋರುಸ್ತೀನಿ, ಬನ್ನಿ."

ಆಡಿದ ಮಾತು ಸುಳ್ಳಾಗಬಾರದೆಂದು ಅವನು ನಿಜಕ್ಕೂ ಕಣ್ಣು ಮುಚ್ಚಿಕೊಂಡು ಹೊರಟ. ಕಾಲುಗಳು ತಾವಾಗಿಯೇ ದಾರಿ ಹಿಡಿದವು, ಒಂದು ಕಡೆಯೂ ಎಡವಲಿಲ್ಲ.

"ದಾರಿ ಚೆನ್ನಾಗಿ ಸವೆದಿದೆ. ಸೈಕಲ್ ಗುರುತೂ ಹೊಸದೇ," ಎಂಜಿನಿಯರಮ್ಮನ ದನಿ ಹಿಂದಿನಿಂದ ಕೇಳಿತು. "ಇದು ಪಾಸಾಯ್ತು ಅಂದ್ಕೊಳಿ."

"ನಾ ಯೋಳ್ಲಿಲ್ವಾ," ಎಂದು ಎದೆಯುಬ್ಬಿಸಿ ಇನ್ನೊಂದು ಹೆಜ್ಜೆ ಇಟ್ಟವನಿಗೆ ಮೊಣಕಾಲವರೆಗೂ ತಣ್ಣಗಾಯಿತು. ಕಣ್ಣು ಬಿಟ್ಟರೆ ಎದುರಿಗೆ ಕೆರೆ. ಬೆಳಿಗ್ಗೆ ಶಾಲೆಯ ಗಂಟೆ ಕೇಳಿದೊಡನೆ, ಏಳು ವರ್ಷವೂ, ಅವನ ಕಾಲುಗಳು ಓಡಿಬರುತ್ತಿದ್ದದ್ದು ಇಲ್ಲಿಗೇ.

ನಡುನೀರಿನಲ್ಲಿ ಒಂದು ತಲೆ ಮೇಲೆದ್ದಿತು.

"ತಾತಾ, ನೀನೂ ಚಕ್ಕರ್ ಹೊಡ್ದ್ಯಾ?" ಎಂದಳು ಮೊಮ್ಮಗಳು.