ಒಳ್ಳೆಯ ವರದಿ

ಸರ್ಕಾರಿ ಜೀಪು ಭಾಲ್ಕಿಯ ಬೇಳೆ ಮಿಲ್ಲಿನ ಮುಂದೆ ನಿಂತಾಗ ಅಮರನಾಥ ಹೆಗಲ ಮೇಲಿನ ತೊಗರಿ ಚೀಲ ಇಳಿಸುವುದನ್ನೂ ಮರೆತು ನಿಂತುಬಿಟ್ಟ. ಇಳಿದವಳು ಪರಿವೀಕ್ಷಣಾಧಿಕಾರಿ ಮಂಜಿರಿ. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದಿದ್ದ ಅವನನ್ನು ನ್ಯಾಯಾಲಯ ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಎರಡು ವರ್ಷ ಅವಳ ನಿಗಾದಲ್ಲಿ ಬಿಟ್ಟಿತ್ತು. ತಿಂಗಳಿಗೊಮ್ಮೆ ಅವನು ಬೀದರಿಗೆ ಹೋಗಿ ಹಾಜರಾಗಬೇಕು. ಅವಳು ಅವನ ಮನೆ, ಕೆಲಸ ನೋಡಿ ವರದಿ ಬರೆಯಬೇಕು.

ಮಂಜಿರಿ ಖುಷಿಯಿಂದಲೇ ಬಂದಿದ್ದಳು. ಅವಳ ನಿಗಾದಲ್ಲಿದ್ದ ಹನ್ನೊಂದು ಮಂದಿಯಲ್ಲಿ ಒಂದೇ ಕಡೆ ನೆಟ್ಟಗೆ ದುಡಿಯುತ್ತಿದ್ದವನು ಇವನೊಬ್ಬನೇ.

"ಹುಡುಗ ಹ್ಯಾಂಗ ಇದ್ದಾನ್ರಿ?" ಎಂದು ಮಾಲೀಕ ಭಾಲಚಂದ್ರನನ್ನು ಕೇಳಿದಳು.

"ಛಲೋ ಇದ್ದಾನ್ರಿ ಮೇಡಂ. ಗೋದಾಮಿನ ಕೀಲಿ ಸುದ್ದಾ ಅವನ ಕೈಯಾಗೇ ಕೊಟ್ಟೀನಿ." ಚಹಾ ತರಿಸಿದ ಭಾಲಚಂದ್ರ ಒಮ್ಮೆ ಜೀಪಿನ ಕಡೆ ನೋಡಿದ. "ಆದ್ರ ನೀವು ಯಾಕ ಕೇಳ್ಲತ್ತೀರಿ?"

ಮಂಜಿರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಮೇಲಾಗಿ, ಮಾಲೀಕನ ಸಹಿ ಬೇಕಿದ್ದ ಕಾಗದದ ನೆತ್ತಿಯ ಮೇಲೇ ಪ್ರಕರಣದ ನಂಬರಿತ್ತು. ಇದ್ದದ್ದನ್ನು ಹೇಳಿದಳು. ಭಾಲಚಂದ್ರ ಸಹಿ ಹಾಕಿಕೊಟ್ಟ. ಅವತ್ತು ಸಂಜೆ ಕಚೇರಿಯಲ್ಲಿ ಅವಳು 'ಕಾಯಂ ಉದ್ಯೋಗವಿದೆ, ನಡತೆ ತೃಪ್ತಿಕರ' ಎಂದು ದುಂಡಗೆ ಬರೆದಳು.

ಮುಂದಿನ ತಿಂಗಳು ಅಮರನಾಥ ಬೆಳಗಿನ ಮೊದಲ ಬಸ್ಸಿಗೇ ಬೀದರಿನ ಕಚೇರಿಗೆ ಬಂದಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮಿಲ್ಲಿನ ಕೆಲಸ ಹ್ಯಾಂಗ ನಡದದ?"

"ಬಿಡಿಸ್ಯಾರ್ರಿ. ನೀವು ಬಂದು ಹೋದ ಮರುದಿನಾನೇ. ಬ್ಯಾಳಿ ಆರಿಸ್ಲಿಕ್ಕ ಹೆಣ್ಮಕ್ಕಳು ಬರ್ತಾರ, ಬಡದಾಡಿ ಬಂದವನ್ನ ಹ್ಯಾಂಗ ಇಟ್ಕೊಳ್ಳಲಿ ಅಂದ್ರು."

ಮಂಜಿರಿಯ ಪೆನ್ನು ಅಲ್ಲೇ ನಿಂತಿತು. "ನಾ ಅವರ ಜೋಡಿ ಮಾತಾಡ್ತೇನಿ."

"ಬ್ಯಾಡ್ರಿ. ಬ್ಯಾರೆ ಕಡೆ ಸಿಕ್ಕದ."

"ಎಲ್ಲಿ?"

ಅವನು ನೆಲ ನೋಡಿದ. "ಅದು ಹೇಳಂಗಿಲ್ರಿ."

"ಹೇಳಬೇಕಪ್ಪಾ. ಇಲ್ಲಂದ್ರ ಷರತ್ತು ಮುರದಂಗ. ನಾ ಕೋರ್ಟಿಗೆ ಬರೀಬೇಕಾಗ್ತದ, ಅವರು ಜೈಲಿಗೆ ಕಳಸ್ತಾರ." ತನ್ನ ದನಿ ತನಗೇ ಬಿರುಸೆನಿಸಿ ಮಂಜಿರಿ ಮೆತ್ತಗಾದಳು. "ಈ ಸಲ ಜೀಪ್ ತರಂಗಿಲ್ಲ. ಬಸ್ಸಿನ್ಯಾಗ ಬರ್ತೇನಿ. ನಿಮ್ಮ ಬೀಗರ ಪೈಕಿ ಯಾರೋ ಬಂದಾರ ಅಂತ ತಿಳ್ಕೋತಾರ."

"ಮತ್ತ ಆ ಸಹಿ ಕಾಗದ?"

ಮಂಜಿರಿ ಮೇಜಿನ ಮೇಲಿನ ಕಡತ ಮುಚ್ಚಿದಳು. "ಅದಂತೂ ತರಬೇಕಾಗ್ತದ."

ಅಮರನಾಥ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಹಂಗಾದ್ರ ಕೋರ್ಟಿಗೇ ಬರೀರಿ ಮೇಡಂ. ಜೈಲಿನ್ಯಾಗ ಕೊಟ್ಟ ಕೆಲಸ, ನೀವು ಬಂದು ವಿಚಾರಿಸಿದ್ರೂ ಯಾರೂ ಬಿಡಸಂಗಿಲ್ಲ."